ಎಲ್‌ಪಿಜಿ ಜಿಪ್ಸಿ ಕೊಳ್ಳುವ ಮುನ್ನ

ಮುಳಶಿ, ಪಾನಶೇತ್ ಕಡೆಯ ಮದುವೆ ಆರ್ಡರಿಗೆಂದು ನಮ್ಮ ಪುಣೆಯ ಕೇಟರಿಂಗ್ ಬಂಧುಗಳು ಕೆಲವರು ಎಲ್‌ಪಿಜಿ ಕಿಟ್ ಹಾಕಿಸಿದ ಹಳೆಯ ಮಾರುತಿ ಜಿಪ್ಸಿ ಹುಡುಕುತ್ತಿದ್ದಾರೆ. ಮಳೆಗಾಲದ ಕೆಸರಿಗೆ ಫೋರ್ ವೀಲ್ ಡ್ರೈವ್ ಬೇಕು, ಒಪ್ಪಿದೆವು. ಪೆಟ್ರೋಲ್ ಹಾಕಿ ಪೂರೈಸದು, ಅದನ್ನೂ ಒಪ್ಪಿದೆವು. ಆದರೆ ಚೌಕಾಸಿಗೆ ಮೊದಲು ಆರ್‌ಸಿ ನೋಡಿರಿ. ಇಂಧನದ ಜಾಗದಲ್ಲಿ ಬರೀ ಪೆಟ್ರೋಲ್ ಎಂದಿದ್ದರೆ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಆ ಗಾಡಿ ಬೇಡವೆಂದೇ ನಮ್ಮ ಅಭಿಪ್ರಾಯ. ನಾಳೆ ಏನಾದರೂ ಆದರೆ ವಿಮೆಯವರು ಅದನ್ನೇ ಹಿಡಿದು ಕೂರುತ್ತಾರೆ.

ಇನ್ನು ಅಡುಗೆಮನೆಯ 19 ಕಿಲೋ ಸಿಲಿಂಡರಿನಿಂದಲೇ ಗಾಡಿಗೆ ಗ್ಯಾಸ್ ಇಳಿಸಿಕೊಳ್ಳುವ ಮಾತು. ಇದನ್ನು ಜಾಣತನ ಎನ್ನುವವರೂ ಇದ್ದಾರೆ! ಇದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಗ್ಯಾಸು ಗಾಳಿಗಿಂತ ಭಾರ. ಸೋರಿದ್ದು ಮೇಲೆ ಹೋಗದೆ ನೆಲದಲ್ಲೇ ಹರಡುತ್ತದೆ. ನಮ್ಮ ಭಟ್ಟಿಗಳು ಉರಿಯುವುದೂ ನೆಲದ ಮೇಲೆಯೇ.