ಹೊಸ್ತಿಲಿಗಿಂತ ಮೇಲೇರಿದ ಬೀದಿ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಡಾಂಬರು ಹಾಸುವ ಯಂತ್ರವು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಾಗ ಅಲ್ಲಿಯ ನಿವಾಸಿಗಳಿಗೆ ಗುಂಡಿಗಳು ಮುಚ್ಚುವುವೆಂಬ ಸಮಾಧಾನದೊಡನೆ, ಬೀದಿ ಇನ್ನೊಂದು ಪದರದಷ್ಟು ಮೇಲೇರಿ ತಮ್ಮ ಮನೆ ಇನ್ನಷ್ಟು ತಗ್ಗಿನಲ್ಲಿ ಉಳಿಯುವುದೆಂಬ ಆತಂಕವೂ ಉಂಟಾಗುತ್ತದೆ. ಈ ಆತಂಕವನ್ನು ನಗರಾಡಳಿತವು ಇದುವರೆಗೆ ತಕ್ಕಷ್ಟು ಲಕ್ಷ್ಯಕ್ಕೆ ತಂದುಕೊಂಡಿಲ್ಲ.

ಲೆಕ್ಕವೇನೂ ಕಠಿನವಾದುದಲ್ಲ. ಸವೆದ ಮೇಲ್ಪದರವನ್ನು ಕೆರೆದು ತೆಗೆಯದೆ, ಅದರ ಮೇಲೆಯೇ 40 ಮಿಲಿಮೀಟರ್ ದಪ್ಪದ ಹೊಸ ಡಾಂಬರನ್ನು ಐದು ಸಲ ಹಾಸಿದರೆ ಬೀದಿಯು 200 ಮಿಲಿಮೀಟರ್, ಎಂದರೆ ಸುಮಾರು 8 ಅಂಗುಲ, ಎತ್ತರವಾಗುತ್ತದೆ. ಸಾಮಾನ್ಯವಾದ ಒಂದು ಮೆಟ್ಟಿಲಿಗಿಂತ ಇದು ಹೆಚ್ಚು. 1898ರ ಪ್ಲೇಗಿನ ಅನಂತರ ವಿಸ್ತಾರವಾಗಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳಲ್ಲಿ, ಬೀದಿಯಿಂದ ಮೆಟ್ಟಿಲೇರಿ ಒಳಹೊಗುವಂತೆ ಹಿರಿಯರು ಕಟ್ಟಿಸಿದ ಮನೆಗಳಿಗೆ ಈಗ ಬೀದಿಯಿಂದ ಇಳಿದುಹೋಗಬೇಕಾದ ಸ್ಥಿತಿ ಅಲ್ಲಲ್ಲಿ ಒದಗಿದೆ. ಹೊರಕ್ಕೆ ತೆರೆಯುತ್ತಿದ್ದ ಗೇಟು ಡಾಂಬರಿಗೆ ತಾಗಿ ನಿಲ್ಲುವುದರಿಂದ ಅದರ ಕೆಳಅಂಚನ್ನು ಕತ್ತರಿಸಿದವರಿದ್ದಾರೆ. ಬಾಗಿಲಿಗೆ ಅಡ್ಡಲಾಗಿ ಇಟ್ಟಿಗೆಯ ಕಟ್ಟೆ ಕಟ್ಟಿಸಿಕೊಂಡು, ವೃದ್ಧರು ಅದನ್ನು ದಾಟಲು ಕೈಹಿಡಿದು ನಡೆಸುವವರಿದ್ದಾರೆ. ಮನೆಯ ಮುಂದಿನ ಸಂಪಿನ ಪಾಡು ಇದಕ್ಕಿಂತ ಕಷ್ಟದ್ದು. ಅದರ ಮುಚ್ಚಳವು ಬೀದಿಗಿಂತ ತಗ್ಗಾದೊಡನೆ, ಸೆಪ್ಟೆಂಬರಿನ ಒಂದು ರಾತ್ರಿಯ ಮಳೆಗೆ ಚರಂಡಿಯ ಕೊಳಕೂ ಬೀದಿಯ ನೀರೂ ಕೂಡಿ ಕುಡಿಯುವ ನೀರನ್ನು ಸೇರುತ್ತವೆ. ಮರುದಿನ ಸಂಪನ್ನು ಬರಿದುಮಾಡಿ, ತೊಳೆಸಿ, ಟ್ಯಾಂಕರಿನ ನೀರು ತರಿಸುವ ವೆಚ್ಚವೆಲ್ಲ ಆ ಗೃಹಸ್ಥನದೇ. ರಸ್ತೆ ಕಾಮಗಾರಿಯ ಯಾವ ಅಂದಾಜುಪಟ್ಟಿಯಲ್ಲಿಯೂ ಈ ವೆಚ್ಚಕ್ಕೆ ಸ್ಥಾನವಿಲ್ಲ.

ಹೀಗೆ ಎತ್ತರಿಸಿದ ರಸ್ತೆಯಾದರೂ ಬಾಳುವುದೇ? ನೀರು ಡಾಂಬರಿನ ಪರಮಶತ್ರು. ಜಲ್ಲಿಗೂ ಡಾಂಬರಿಗೂ ಇರುವ ಬಂಧವನ್ನು ಅದು ಸಡಿಲಿಸುತ್ತದೆ. ಅಂಚಿನಲ್ಲಿ ಮಳೆನೀರು ಚರಂಡಿಗೆ ಇಳಿಯಬೇಕಾದ ಕಿಂಡಿಗಳನ್ನೇ ಹೊಸ ಪದರವು ಮುಚ್ಚಿಬಿಟ್ಟಾಗ ನೀರು ರಸ್ತೆಯ ಮೇಲೆಯೇ ನಿಂತು, ಮುಂದಿನ ಗುಂಡಿಗೆ ಅಲ್ಲಿಯೇ ಆರಂಭವಾಗುತ್ತದೆ.

ವಾಹನ ಸವಾರರ ಸಂಕಟ ಇನ್ನೊಂದು ಬಗೆಯದು. ಈ ನಗರದಲ್ಲಿ ನೋಂದಣಿಯಾದ ಒಂದು ಕೋಟಿ ಮೀರಿದ ವಾಹನಗಳಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳು. ಮೇಲ್ಪದರ ಕೆರೆದ ರಸ್ತೆಯನ್ನು ದಿನಗಟ್ಟಲೆ ಹಾಗೆಯೇ ಬಿಟ್ಟರೆ ಅದರ ಗೀರುಗಳಲ್ಲಿ ಸ್ಕೂಟರಿನ ಚಕ್ರ ಹೊಯ್ದಾಡುತ್ತದೆ. ಕೆರೆಯದೆ ಹಾಸಿದರೆ ಮ್ಯಾನ್‌ಹೋಲಿನ ಮುಚ್ಚಳವು ರಸ್ತೆಯ ನಡುವೆ ಹಳ್ಳವಾಗಿ ಉಳಿದು, ಅದನ್ನು ತಪ್ಪಿಸಹೋದ ಸವಾರನು ಹಿಂದಿನಿಂದ ಬರುವ ಬಸ್ಸಿನ ದಾರಿಗೆ ಸರಿಯುತ್ತಾನೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 198ಎ ಪ್ರಕರಣದಂತೆ, ರಸ್ತೆಯ ಸುರಕ್ಷಾ ಮಾನದಂಡವನ್ನು ಪಾಲಿಸದುದರಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರರಾದ ಅಧಿಕಾರಿ ಇಲ್ಲವೆ ಗುತ್ತಿಗೆದಾರರಿಗೆ ವಿಧಿಸಬಹುದಾದ ದಂಡ ಹೆಚ್ಚೆಂದರೆ 1 ಲಕ್ಷ ರೂಪಾಯಿ. ಒಂದು ಜೀವದ ಎದುರಿನಲ್ಲಿ ಇದು ಅತ್ಯಲ್ಪವೆಂದೇ ನಾನು ಭಾವಿಸುತ್ತೇನೆ.

ಇನ್ನು ಅಗೆತದ ವಿಷಯ. ಡಾಂಬರು ಆರಿ ತಿಂಗಳಾಗುವುದರೊಳಗೆ ನೀರಿನ ಕೊಳವೆಗೋ ವಿದ್ಯುತ್ತಿನ ಕೇಬಲಿಗೋ ಅದೇ ರಸ್ತೆಯನ್ನು ಅಗೆಯುವುದು ನಮಗೆಲ್ಲ ಪರಿಚಿತವಾದ ದೃಶ್ಯ. ಹಾಗೆ ಅಗೆದಮೇಲೆ, ಗುತ್ತಿಗೆದಾರನೇ ದುರಸ್ತಿ ಮಾಡಿಕೊಡಬೇಕಾದ ದೋಷ ಹೊಣೆಗಾರಿಕೆಯ ಅವಧಿ ಇನ್ನೂ ಮುಗಿಯದಿದ್ದರೂ, ಹಾಳಾದುದು ತನ್ನಿಂದಲ್ಲವೆಂದು ಗುತ್ತಿಗೆದಾರನು ವಾದಿಸಲು ಎಡೆಯಾಗುತ್ತದೆ. ಸೇಂಟ್ ಮಾರ್ಕ್ಸ್ ರಸ್ತೆಯೇ ಮೊದಲಾದ ಟೆಂಡರ್‌ಶ್ಯೂರ್ ಎಂಬ ಯೋಜನೆಯಲ್ಲಿ ಮರುನಿರ್ಮಿಸಿದ ರಸ್ತೆಗಳಲ್ಲಿ ಕೊಳವೆ ಕೇಬಲುಗಳನ್ನು ಪಾದಚಾರಿ ಮಾರ್ಗದ ಅಡಿಗೆ ಒಯ್ದು ಈ ತೊಂದರೆಗೆ ಪರಿಹಾರವನ್ನು ತೋರಿಸಿದ್ದಾರೆ. ಅಷ್ಟೊಂದು ವೆಚ್ಚವನ್ನು ಪ್ರತಿಯೊಂದು ಅಡ್ಡರಸ್ತೆಗೂ ಮಾಡುವುದು ಅಸಾಧ್ಯವೆಂಬುದು ದಿಟ. ಆದರೆ ಡಾಂಬರಿಗೆ ಮೊದಲು ಜಲಮಂಡಳಿಯನ್ನೂ ಬೆಸ್ಕಾಂ ಅನ್ನೂ ಕೇಳಿ ಅವರ ಕೆಲಸವನ್ನು ಮುಗಿಸಿಕೊಳ್ಳುವುದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಅನುಕ್ರಮ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದಿವೆ. ಹೊಸ ಪದರವನ್ನು ಹಾಸುವ ಮುನ್ನ ಹಳೆಯದನ್ನು ಅಷ್ಟೇ ದಪ್ಪಕ್ಕೆ ಕೆರೆದು ತೆಗೆಯತಕ್ಕದ್ದೆಂದೂ, ಪ್ರತಿ ಮನೆಯ ಹೊಸ್ತಿಲಿನ ಮಟ್ಟವನ್ನು ಅಳೆದು ಕಡತದಲ್ಲಿ ಬರೆದಿಡತಕ್ಕದ್ದೆಂದೂ, ಕೆಲಸದ ದಿನಾಂಕವನ್ನು ನಿವಾಸಿಗಳಿಗೆ ವಾರ ಮೊದಲೇ ತಿಳಿಸತಕ್ಕದ್ದೆಂದೂ ಈ ಪಾಲಿಕೆಗಳು ಗುತ್ತಿಗೆಯ ಕರಾರಿನಲ್ಲಿಯೇ ನಮೂದಿಸಬೇಕು. ಕೆರೆದುದಕ್ಕೆ ಪುರಾವೆ ಇಲ್ಲದ ಬಿಲ್ಲಿಗೆ ಹಣ ಬಿಡುಗಡೆ ಮಾಡಬಾರದು.