ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ

ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಸಂಜೆ ಹೈಸ್ಕೂಲು ಹುಡುಗಿಯೊಬ್ಬಳು ನನ್ನ ಪಕ್ಕ ಕೂತು, ಬಾಟಲಿಯ ನೀರಿನಿಂದ ಕಾಲು ತೊಳೆದುಕೊಳ್ಳುತ್ತಿದ್ದಳು. ಮೊಣಕಾಲು ತರಚಿ ರಕ್ತ ಒಣಗಿತ್ತು. ಖೋಖೋ ಆಡಿ ಬಂದಿದ್ದಳಂತೆ. ದಿನಾ ಆಡ್ತೀಯೇನವ್ವಾ ಎಂದು ಕೇಳಿದೆ. "ಬಸ್ ಬರೂತನಕ ಆಡ್ತೀವ್ರಿ. ಕೊನಿ ಬಸ್ ತಪ್ಪಿದ್ರ ಅಪ್ಪ ನಾಳಿಂದ ಕಳಿಸಂಗಿಲ್ರಿ" ಎಂದಳು. ಅವಳು ಆಡುವ ಬಯಲು ಅಲ್ಲಿಂದ ಹತ್ತು ನಿಮಿಷದ ಹಾದಿ. ಬಸ್ ಬಂತು, ಕುಂಟುತ್ತಲೇ ಓಡಿ ಹತ್ತಿದಳು.

ಆ ಹತ್ತು ನಿಮಿಷದ ಬಗ್ಗೆಯೇ ಈ ಮಾತೆಲ್ಲ. ಅದು ನಲವತ್ತು ನಿಮಿಷವಾದ ದಿನ ಅವಳ ಆಟ ನಿಲ್ಲುತ್ತದೆ. ಯಾರೂ ಅವಳಿಗೆ ಆಡಬೇಡ ಎನ್ನುವುದಿಲ್ಲ, ಆದರೂ ನಿಲ್ಲುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ಮೂರೂ ಬೆಳೆಯುತ್ತಿರುವ ಊರುಗಳು. ತೊಗರಿ ಬೆಳೆದ ಎರೆ ಹೊಲ ಎನ್‌ಎ ಆಗಿ, ಕಲ್ಲು ನೆಟ್ಟು, ಪ್ಲಾಟಾಗುತ್ತಿದೆ. ಊರು ಬೆಳೆಯಲಿ, ನನಗೆ ಸಂತೋಷವೇ. ಆದರೆ ಕ್ರೀಡಾಂಗಣ ಎಲ್ಲಿ ಕಟ್ಟೋಣ ಎಂಬ ಮಾತು ಎದ್ದಾಗಲೆಲ್ಲ ಎಲ್ಲರ ಬೆರಳು ಬೈಪಾಸಿನ ಕಡೆಗೇ ಹೋಗುವುದನ್ನು ಕಂಡು ನನಗೆ ಸಂಕಟವಾಗುತ್ತದೆ. ಅಲ್ಲಿ ಗಾಯರಾಣ ಇದೆ ಎನ್ನುತ್ತಾರೆ. ಇಲ್ಲವೇ ದಾನಕ್ಕೆ ಯಾರೋ ಮುಂದೆ ಬರುತ್ತಾರೆ, ಸರ್ಕಾರದ ಖರ್ಚಿನಲ್ಲಿ ರಸ್ತೆ, ಕರೆಂಟು ಬಂದು ಅಕ್ಕಪಕ್ಕದ ಜಮೀನಿಗೆ ಬೆಲೆ ಏರುತ್ತದೆ. ಜಾಗ ನೋಡಲು ಹೋಗುವವರು ಜೀಪಿನಲ್ಲಿ ಹೋಗುತ್ತಾರೆ. ಜೀಪಿನಿಂದ ನೋಡಿದರೆ ಯಾವ ಜಾಗವೂ ದೂರವಲ್ಲ.

ಆ ಮೈದಾನಕ್ಕೆ ದಿನವೂ ಬರಬೇಕಾದವರು ಯಾರು? ಹದಿಮೂರು, ಹದಿನಾಲ್ಕು, ಹದಿನೈದರ ಮಕ್ಕಳು. 18 ತುಂಬುವವರೆಗೆ ಗೇರ್ ಬೈಕ್ ಓಡಿಸಲು ಕಾನೂನು ಬಿಡುವುದಿಲ್ಲ. ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ತಂದೆಗೆ ಅಥವಾ ಗಾಡಿ ಮಾಲೀಕನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ಒಂದು ಕೈಯಿಂದ ಮೈದಾನವನ್ನು ಊರಾಚೆ ಎಸೆದು, ಇನ್ನೊಂದು ಕೈಯಿಂದ ಅಲ್ಲಿಗೆ ಬೈಕಿನಲ್ಲಿ ಹೋದ ಹುಡುಗನ ಅಪ್ಪನನ್ನು ಹಿಡಿಯುವುದು ಯಾವ ನ್ಯಾಯ? ಸೈಕಲ್ ಇದೆಯಲ್ಲ ಎನ್ನಬೇಡಿ. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ 2006ರಿಂದ ಕೊಡುತ್ತ ಬಂದ ಸೈಕಲ್ ಕೊರೋನಾ ಕಾಲದಲ್ಲಿ ನಿಂತಿತು. ಸೈಕಲ್ ಇದ್ದವರೂ ಯಾವ ರಸ್ತೆಯಲ್ಲಿ ತುಳಿಯಬೇಕು? ಚಾಮರಾಜನಗರದವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಹುಟ್ಟುವುದೇ ಜೇವರ್ಗಿಯಲ್ಲಿ, ಬೀದರ್ ಕಡೆಯಿಂದ ವಿಜಯಪುರಕ್ಕೆ ಹೋಗುವ 50 ಕೂಡ ಇಲ್ಲೇ ಹಾಯುತ್ತದೆ. ಆ ಲಾರಿಗಳ ನಡುವೆ ಮಗುವನ್ನು ಸೈಕಲ್ ಮೇಲೆ ಕಳಿಸುವ ತಾಯಿ ಯಾರು? ರಸ್ತೆ ಬಿಟ್ಟು ಕೆಳಗಿಳಿದರೆ ಎರೆಮಣ್ಣು. ಒಂದು ಮಳೆ ಬಿದ್ದರೆ ಸಾಕು, ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಇಲ್ಲ. ನೆಲೋಗಿಯಿಂದ, ಮಾದನ ಹಿಪ್ಪರಗಿಯಿಂದ ಹುಡುಗಿ ದುಡ್ಡಿಲ್ಲದೆ ತಾಲೂಕಿಗೆ ಬಂದು ಇಳಿಯಬಹುದು. ಇಷ್ಟು ದೊಡ್ಡ ಕೆಲಸ ಆದ ಮೇಲೆ, ಬಸ್ ಸ್ಟ್ಯಾಂಡಿನಿಂದಾಚೆಯ ಮೂರು ಕಿಲೋಮೀಟರಿಗೆ ಟಂಟಂ ಬಾಡಿಗೆ ಹುಡುಕುವ ಗತಿ ಅವಳಿಗೆ ತರಬೇಕೇ? ಹೋಗುವಾಗ ಹೇಗೋ ಹೋದಾಳು. ಕತ್ತಲಾದ ಮೇಲೆ ಬರುವುದು?

ಜಾಗ ಒಮ್ಮೆ ತಪ್ಪಿದರೆ ಎಷ್ಟು ತಲೆಮಾರು ತೆರಬೇಕೆಂದು ಅಫಜಲಪುರ ತಾಲೂಕಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ದತ್ತನ ದರ್ಶನಕ್ಕೆ ರೈಲಿನಲ್ಲಿ ಬಂದವರು ಗಾಣಗಾಪುರ ಎಂಬ ಹೆಸರಿನ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ದೇವಸ್ಥಾನ ಅಲ್ಲಿಂದ 20 ಕಿಲೋಮೀಟರಿನಷ್ಟು ದೂರ. ಆ ಹಳಿ ಬಿದ್ದದ್ದು 1870ರ ಆಸುಪಾಸಿಗೆ. ಹಳಿ ಹಾಕಿದವರಿಗೆ ಅವರದೇ ಕಾರಣಗಳಿದ್ದವು. ಆದರೆ ಇಂದಿಗೂ ಮಕ್ಕಳು ಮರಿ ಗಂಟುಮೂಟೆ ಹೊತ್ತು ಜೀಪಿಗೋ ಬಸ್ಸಿಗೋ ಕಾಯುವವರು ಭಕ್ತರು.

ದೊಡ್ಡದೆಲ್ಲ ಊರೊಳಗೇ ಇರಲಿ ಎಂದು ನಾನು ಹೇಳುತ್ತಿಲ್ಲ. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. 600ಕ್ಕೂ ಹೆಚ್ಚು ಎಕರೆ ಯಾವ ಪೇಟೆಯ ನಡುವೆ ಸಿಕ್ಕೀತು? ಅಲ್ಲಿ ಹಾಸ್ಟೆಲ್ಲುಗಳಿವೆ, ಮಕ್ಕಳು ಅಲ್ಲೇ ಉಳಿಯುತ್ತಾರೆ. ತಾಲೂಕು ಮೈದಾನದಲ್ಲಿ ಆಡುವ ಮಗು ಹೊತ್ತು ಮುಳುಗುವುದರೊಳಗೆ ಅವ್ವನ ಮುಂದೆ ಇರಬೇಕು. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣ ನಗರದ ನಡುವೆಯೇ ಇದೆ. 2023ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಟೂರ್ನಿಯೂ ಅಲ್ಲೇ ನಡೆಯಿತು. ಊರ ನಡುವಿನ ಮೈದಾನ ಸಣ್ಣದು, ಕೆಲಸಕ್ಕೆ ಬಾರದ್ದು ಎನ್ನುವವರು ಅದನ್ನೊಮ್ಮೆ ನೋಡಿ ಬರಲಿ.

ಕೆಲವರು ಬೆಂಗಳೂರಿನ ಹೆಸರು ಹೇಳುತ್ತಾರೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ವಿಜಯೋತ್ಸವದ ಕಾಲ್ತುಳಿತಕ್ಕೆ 11 ಜೀವ ಹೋದವು. ಆ ಜಾಗ ದೊಡ್ಡ ಸಮಾರಂಭಗಳಿಗೆ ಸುರಕ್ಷಿತವಲ್ಲ ಎಂದು ತನಿಖಾ ಆಯೋಗ ಹೇಳಿತು, ಊರಂಚಿಗೆ ಹೊಸದನ್ನು ಕಟ್ಟುವ ಮಾತು ನಡೆಯಿತು. ಸತ್ತವರ ನೋವು ನಮ್ಮೆಲ್ಲರದು. ಆದರೆ ಲಕ್ಷಗಟ್ಟಲೆ ಜನ ಒಂದೇ ದಿನ ನುಗ್ಗುವ ವಿಜಯೋತ್ಸವದ ಲೆಕ್ಕವನ್ನು, ನಲವತ್ತು ಮಕ್ಕಳು ದಿನಾ ಸಂಜೆ ಓಡುವ ಬಯಲಿಗೆ ಹಾಕಬೇಡಿ.

ಊರೊಳಗೆ ಜಾಗವೇ ಇಲ್ಲ ಎಂಬುದು ಇನ್ನೊಂದು ಮಾತು. ಅಳೆದು ನೋಡೋಣ. ಖೋಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಕಬಡ್ಡಿಗೆ 13 ಮತ್ತು 10 ಸಾಕು. ಹಳೆಯ ಸರ್ಕಾರಿ ಶಾಲೆಗಳ ಬಯಲಲ್ಲಿ ಇವು ಎರಡಲ್ಲ, ನಾಲ್ಕು ಹಿಡಿಸುತ್ತವೆ. ಒತ್ತುವರಿ ತೆಗೆಸಿ, ನಾಲ್ಕು ದೀಪ ಹಾಕಿ, ಹೆಣ್ಣುಮಕ್ಕಳಿಗೊಂದು ಶೌಚಾಲಯ ಕಟ್ಟಿಸಿ. 400 ಮೀಟರ್ ಓಟದ ಟ್ರ್ಯಾಕಿಗೆ ನಾಲ್ಕೈದು ಎಕರೆ ಬೇಕು, ನಿಜ. ಅದೊಂದು ಆಚೆ ಹೋಗಲೇಬೇಕಾದರೆ ಹಳ್ಳಿ ಬಸ್ಸುಗಳು ದಿನವೂ ಓಡಾಡುವ ರಸ್ತೆಯ ಮೇಲಿರಲಿ, ಗೇಟಿನ ಎದುರೇ ಸ್ಟಾಪ್ ಇರಲಿ, ಆಟ ಮುಗಿಯುವ ಹೊತ್ತಿಗೆ ಒಂದು ಬಸ್ ಇರಲಿ. ಉಳಿದ ಬಯಲುಗಳನ್ನು ಮಾರಿಕೊಳ್ಳದಂತೆ ಕಾಯಲು 1985ರ ಉದ್ಯಾನ, ಆಟದ ಮೈದಾನ ಕಾಯ್ದೆ ಇದೆ. ಫುಟ್‌ಪಾತ್ ಜೀವಿಸುವ ಹಕ್ಕಿನ ಭಾಗ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮ ಮೂರೂ ಊರಲ್ಲಿ ಬಸ್ ಸ್ಟ್ಯಾಂಡಿನಿಂದ ಮೈದಾನದವರೆಗೆ ತಡೆಯಿಲ್ಲದ ಒಂದು ಫುಟ್‌ಪಾತ್ ಕೇಳುವುದು ಅತಿಯಾಸೆಯೇ?

ನಡೆಯುವವರಿಗೆ ದಾರಿ ಮಾಡಿಕೊಡುವುದು ನಮಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಸೀಗಿ ಹುಣ್ಣಿಮೆ ಹತ್ತಿರ ಬಂದಾಗ ಆಳಂದದ ರಸ್ತೆ ನೋಡಿ. ತುಳಜಾಪುರದ ಅಂಬಾಭವಾನಿಗೆ ಬರಿಗಾಲಲ್ಲಿ ಹೊರಟವರು ಹಗಲು ರಾತ್ರಿ ಸಾಲುಗಟ್ಟಿರುತ್ತಾರೆ. ದಾರಿಯುದ್ದಕ್ಕೂ ನೀರು, ಊಟ, ಕಾಲಿಗೆ ಎಣ್ಣೆ ಹಚ್ಚುವ ಕೈಗಳು. ಯಾರ ಆದೇಶವೂ ಇಲ್ಲದೆ ಆ ನಾಲ್ಕು ದಿನ ರಸ್ತೆ ನಡೆಯುವವರದಾಗುತ್ತದೆ. ದೇವಿಯ ಹೆಸರಲ್ಲಿ ಅಪರಿಚಿತರ ಪಾದ ಒತ್ತುವ ನಾವು ನಮ್ಮದೇ ಮಕ್ಕಳ ಪಾದವನ್ನು ಮರೆಯುವುದು ಹೇಗೆ?

ಪುರಸಭೆಯ ಸದಸ್ಯರೇ, ಜಮೀನು ಕೊಡಲು ಹೊರಟ ಹಿರಿಯರೇ, ಸಹಿ ಹಾಕುವ ಅಧಿಕಾರಿಗಳೇ, ನಿಮ್ಮನ್ನು ಕೈಮುಗಿದು ಕೇಳುತ್ತೇನೆ. ಮುಂದಿನ ಸಲ ಜಾಗ ನೋಡುವ ದಿನ ಗಾಡಿಯನ್ನು ಬಸ್ ಸ್ಟ್ಯಾಂಡಿನಲ್ಲೇ ಬಿಡಿ. ಏಪ್ರಿಲ್ಲಿನ ಮಧ್ಯಾಹ್ನ ಮೂರು ಗಂಟೆಗೆ ಹೊರಡಿ. ಏಳನೆಯ ತರಗತಿಯ ಒಂದು ಮಗುವಿನ ಕೈ ಹಿಡಿದು ಆ ಜಾಗದವರೆಗೆ ನಡೆಯಿರಿ. ಕತ್ತಲಾದ ಮೇಲೆ ಅದೇ ದಾರಿಯಲ್ಲಿ ಅದನ್ನು ವಾಪಸ್ ಕರೆತಂದು ಬಸ್ ಹತ್ತಿಸಿ. ಸಹಿ ಆಮೇಲೆ ಹಾಕಿ.