ಬಿಟ್ಟ ಲೆಕ್ಕಕ್ಕೆ ಮರಳಿ ಬನ್ನಿ

ಓದುವಾಗ ಗಣಿತವೆಂದರೆ ಇಷ್ಟವಿತ್ತು, ಆಮೇಲೆ ಕೆಲಸ, ಮನೆ, ಮಕ್ಕಳು ಎಂದು ಅಲ್ಲಿಗೇ ನಿಂತುಹೋಯಿತು ಎನ್ನುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ನೀವೂ ಅವರಲ್ಲಿ ಒಬ್ಬರಾಗಿದ್ದರೆ ಈ ಮನವಿ ನಿಮಗೆ.

ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಮಾರ್ಜರಿ ರೈಸ್ ಎಂಬ ಗೃಹಿಣಿ ಇದ್ದರು. ಹೈಸ್ಕೂಲಿನಾಚೆ ಗಣಿತ ಓದಿದವರಲ್ಲ. 1975ರಲ್ಲಿ ಮಗನಿಗೆಂದು ತರಿಸುತ್ತಿದ್ದ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಮಾರ್ಟಿನ್ ಗಾರ್ಡನರ್ ಅವರ ಅಂಕಣ ಓದಿದರು. ಒಂದೇ ಅಚ್ಚಿನ ಪಂಚಭುಜಗಳನ್ನು ಸಂದಿ ಬಿಡದೆ ನೆಲದ ತುಂಬ ಹಾಸಲು ಎಷ್ಟು ಬಗೆಗಳಿವೆ ಎಂಬುದು ಅಲ್ಲಿನ ಪ್ರಶ್ನೆ. ಐದು ಬದಿಯೂ ಐದು ಮೂಲೆಯೂ ಸಮನಾಗಿದ್ದರೆ ಆಗದು. ಒಂದೊಂದು ಮೂಲೆ 108 ಡಿಗ್ರಿ. ಮೂರು ಮೂಲೆ ಕೂಡಿಸಿದರೆ 324, ನಾಲ್ಕು ಕೂಡಿಸಿದರೆ 432. 360 ಬರುವುದೇ ಇಲ್ಲ. ಅಳತೆ ಬದಲಿಸಿದರೆ ಕೆಲವು ಕೂಡಿಕೊಳ್ಳುತ್ತವೆ.

ರೈಸ್ ಅಡುಗೆಮನೆಯ ಕಟ್ಟೆಯ ಮೇಲೆಯೇ ಚಿತ್ರ ಬರೆಯತೊಡಗಿದರು. ಯಾರಾದರೂ ಬಂದರೆ ಕಾಗದ ಮುಚ್ಚಿಡುತ್ತಿದ್ದರು. ಗಣಿತಜ್ಞರ ಸಂಕೇತಗಳು ತಿಳಿಯದ ಕಾರಣ ತಮ್ಮದೇ ಸಂಕೇತ ಮಾಡಿಕೊಂಡರು. 1977ರ ಹೊತ್ತಿಗೆ ನಾಲ್ಕು ಹೊಸ ಬಗೆಗಳನ್ನು ಕಂಡುಹಿಡಿದಿದ್ದರು. ಗಣಿತಜ್ಞೆ ಡೋರಿಸ್ ಶಾಟ್‌ಶ್ನೈಡರ್ ಅವನ್ನು ಪರಿಶೀಲಿಸಿ ಲೋಕಕ್ಕೆ ತಿಳಿಸಿದರು. ಮೂಲೆಗಳು ಒಳಕ್ಕೆ ಬಾಗದ ಪಂಚಭುಜಗಳಲ್ಲಿ ಇವತ್ತು ಗೊತ್ತಿರುವುದು 15 ಬಗೆ, ನಾಲ್ಕು ಅವರವು.

ಹೊಸದನ್ನು ಕಂಡುಹಿಡಿಯಲೇಬೇಕು ಎಂದು ನಾನು ಹೇಳುತ್ತಿಲ್ಲ. ಅವರು ಒಂದೇ ಪ್ರಶ್ನೆಯನ್ನು ಅಷ್ಟು ಕಾಲ ಕೈಬಿಡದೆ ಹಿಡಿದಿದ್ದರಲ್ಲ, ನನಗೆ ಅದೇ ದೊಡ್ಡದು. ಅವರಿಗೆ ಪರೀಕ್ಷೆಯ ದಿನಾಂಕ ಇರಲಿಲ್ಲ. ನಿಮಗೂ ಇಲ್ಲ.

ಇವತ್ತೇ ಒಂದು ಲೆಕ್ಕದಿಂದ ಆರಂಭಿಸಿ. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಕಾಪ್ರೇಕರ್ ಕೊಟ್ಟ ಲೆಕ್ಕ ಅದು. 3524 ತೆಗೆದುಕೊಳ್ಳಿ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಏರಿಕೆ ಕ್ರಮದ್ದನ್ನು ಕಳೆಯಿರಿ. 5432ರಲ್ಲಿ 2345 ಕಳೆದರೆ 3087. ಅದಕ್ಕೂ ಹಾಗೇ ಮಾಡಿ: 8730ರಲ್ಲಿ 0378 ಕಳೆದರೆ 8352. ಮತ್ತೆ 8532ರಲ್ಲಿ 2358 ಕಳೆದರೆ 6174. ಇನ್ನು ಎಷ್ಟು ಸಲ ಮಾಡಿದರೂ 6174. ನಾಲ್ಕೂ ಅಂಕಿ ಒಂದೇ ಆಗಿರದ ಯಾವ ನಾಲ್ಕಂಕಿ ಸಂಖ್ಯೆಯನ್ನಾದರೂ ಹಿಡಿಯಿರಿ, ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಅಲ್ಲಿಗೇ ಬರುತ್ತೀರಿ. ಯಾಕೆ ಎಂದು ಕೇಳಿಕೊಂಡಿರಾ? ನಿಮ್ಮ ಓದು ಶುರುವಾಯಿತು.

ಮುಂದಕ್ಕೆ ದಾರಿ ಇದೆ. ಐಐಟಿ ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಬಹುಪಾಲು ಇಂಗ್ಲಿಷಿನಲ್ಲಿವೆ, ನಿಜ. ಆದರೆ ಬೇಕಾದಲ್ಲಿ ನಿಲ್ಲಿಸಿ ಮತ್ತೆ ಕೇಳಬಹುದು. ಮೊದಲಿಗೆ ಸಂಖ್ಯಾಸಿದ್ಧಾಂತ, ಅಂದರೆ ಪೂರ್ಣಾಂಕಗಳ ಗಣಿತ, ಹಿಡಿಯಿರಿ. ಶುರುವಿಗೆ ಅದಕ್ಕೆ ಹೆಚ್ಚಿನ ಪೂರ್ವಸಿದ್ಧತೆ ಬೇಡ. ಪೆನ್ನು ಹಿಡಿದೇ ಓದಿ. ಒಂದು ಪುಟಕ್ಕೆ ಒಂದು ವಾರ ಹಿಡಿದರೆ ಗಾಬರಿ ಬೇಡ, ಪ್ರಮೇಯಗಳ ಸಾಧನೆಗಳನ್ನು ಓದುವ ಅನೇಕರಿಗೂ ಹಾಗೆಯೇ. ಎಲ್ಲಾದರೂ ತೊಡಕಾದರೆ ಪಿಯುಸಿ ಪುಸ್ತಕಕ್ಕೆ ಹಿಂದಿರುಗಿ. ಅದರಲ್ಲಿ ಸಂಕೋಚ ಬೇಡ.

ನಿಮ್ಮ ಊರಿನ ಗ್ರಂಥಾಲಯದಲ್ಲಿ, ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಗಣಿತದ ಪುಸ್ತಕ ಕೇಳಿ. ಗೈಡುಗಳಲ್ಲದ ಗಣಿತಕ್ಕೂ ಓದುಗರಿದ್ದಾರೆ ಎಂದು ಗೊತ್ತಾಗುವುದು ನೀವು ಕೇಳಿದಾಗಲೇ. ಗಣಿತದ ಮೇಷ್ಟ್ರೇ, ಹಳೆಯ ವಿದ್ಯಾರ್ಥಿಯೊಬ್ಬರು ಐವತ್ತರ ವಯಸ್ಸಿನಲ್ಲಿ ಸಂಶಯ ಹೊತ್ತು ಬಂದರೆ ದಯವಿಟ್ಟು ಕೂರಿಸಿ ಮಾತಾಡಿ. ಮನೆಯಲ್ಲಿ ಯಾರಾದರೂ ಹೀಗೆ ಓದಲು ಕೂತರೆ, ಇದರಿಂದ ಏನು ಪ್ರಯೋಜನ ಎಂದು ಕೇಳುವ ಮುನ್ನ ಆ ದಿನದ ಲೆಕ್ಕ ಏನೆಂದು ಕೇಳಿ. ಅವರ ಪಾಲಿನ ಕೆಲಸದಲ್ಲಿ ಅರ್ಧ ಗಂಟೆಯದನ್ನು ನೀವು ವಹಿಸಿಕೊಳ್ಳಿ.